ಸುಕ್ಕುಗಟ್ಟಿದ ಎಲೆಗೆ ನೀರೆರೆಯುವ ಮುನ್ನ

ಕಳೆದ ಅಕ್ಟೋಬರಿನಲ್ಲಿ ನಮ್ಮ ಬೆಂಗಳೂರಿನ ಮನೆಯ ಬಾಲ್ಕನಿಯಲ್ಲಿದ್ದ ಜೇಡ್ ಗಿಡದ ಎಲೆಗಳು ಸುಕ್ಕುಗಟ್ಟತೊಡಗಿದವು. ಏಳು ವರ್ಷ ಒಂದೇ ಕುಂಡದಲ್ಲಿ ಬೆಳೆದು, ಹೆಬ್ಬೆರಳಿಗಿಂತ ದಪ್ಪನೆಯ ಕಾಂಡ ಕಟ್ಟಿಕೊಂಡಿದ್ದ ಗಿಡವದು. ಎಲೆ ಸುಕ್ಕಾಯಿತೆಂದರೆ ಬಾಯಾರಿಕೆಯೆಂದೇ ನಂಬಿದ್ದ ನಾನು ಒಂದು ಚೊಂಬು ನೀರು ಹಾಕಿದೆ. ಎರಡು ದಿನ ಬಿಟ್ಟು ಮತ್ತೊಂದು ಚೊಂಬು. ವಾರ ಕಳೆಯುವಷ್ಟರಲ್ಲಿ ಮುಟ್ಟಿದರೆ ಸಾಕು, ಎಲೆಗಳು ಉದುರುತ್ತಿದ್ದವು. ಕಾಂಡದ ಬುಡವನ್ನು ಒತ್ತಿದರೆ ಬೆರಳು ಒಳಗಿಳಿಯಿತು. ಗಿಡವನ್ನು ಕಿತ್ತು ನೋಡಿದಾಗ ಬೇರುಗಳ ಹೊರಸಿಪ್ಪೆ ಕೈಗೆ ಅಂಟಿಕೊಂಡು ಜಾರಿ, ನೂಲಿನಂಥ ಎಳೆಗಳು ಮಾತ್ರ ಉಳಿದವು.

ಜೇಡ್‌ನಂತೆ ಎಲೆ, ಕಾಂಡಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಸಕ್ಯುಲೆಂಟ್ ಗಿಡಗಳನ್ನು ಸಾಕುವವರು ಹೆಚ್ಚಾಗಿ ಎಡವುವುದು ಇಲ್ಲಿಯೇ ಎಂದು ನನಗೆ ಈಗ ಅನ್ನಿಸುತ್ತದೆ. ಬೇರಿಗೆ ನೀರಿನಷ್ಟೇ ಗಾಳಿಯೂ ಬೇಕು. ಮಣ್ಣಿನ ಕಣಗಳ ನಡುವಿನ ಸಂದುಗಳಲ್ಲಿ ದಿನಗಟ್ಟಲೆ ನೀರೇ ತುಂಬಿಕೊಂಡರೆ ಆಮ್ಲಜನಕ ಸಿಗದೆ ಬೇರು ಸಾಯುತ್ತದೆ. ಸತ್ತ ಬೇರು ನೀರನ್ನು ಹೀರಲಾರದಾದ್ದರಿಂದ, ಒದ್ದೆ ಮಣ್ಣಿನಲ್ಲಿ ನಿಂತಿರುವ ಗಿಡವೇ ಬಾಯಾರಿ ಎಲೆಯಲ್ಲಿ ಕೂಡಿಟ್ಟ ನೀರನ್ನು ಬಳಸಿಕೊಳ್ಳುತ್ತದೆ. ಎಲೆ ಸುಕ್ಕಾಗಿದ್ದು ಮಣ್ಣು ಒಣಗಿದ್ದರೆ ನೀರು ಹಾಕಬೇಕು. ಎಲೆ ಸುಕ್ಕಾಗಿದ್ದು ಮಣ್ಣು ಹಸಿಯಾಗಿದ್ದರೆ ನೀರು ಹಾಕದೆ ಗಿಡವನ್ನು ಕುಂಡದಿಂದ ಹೊರತೆಗೆಯಬೇಕು. ನಾನೀಗ ಊದುಬತ್ತಿಯ ಉಳಿದ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆದು ನೋಡುತ್ತೇನೆ. ಮೇಲಿನ ಎರಡು ಅಂಗುಲ ಒಣಗಿದ್ದು ತಳ ಇನ್ನೂ ತೇವವಾಗಿರುವುದು ಎಷ್ಟು ಸಾಮಾನ್ಯವೆಂದು ಆ ಕಡ್ಡಿಯೇ ನನಗೆ ಕಲಿಸಿತು.

ಜೇಡ್ ಗಿಡದ ಬೇರು ಉಳಿಯುವಂತಿರಲಿಲ್ಲ. ಚೂಪಾದ ಚಾಕುವಿನಿಂದ ಕಾಂಡವನ್ನು ಬುಡದಿಂದ ಮೇಲಕ್ಕೆ ಬಿಲ್ಲೆಬಿಲ್ಲೆಯಾಗಿ ಕತ್ತರಿಸುತ್ತಾ ಹೋದೆ. ಮೊದಲ ಮೂರು ಬಿಲ್ಲೆಗಳಲ್ಲಿ ಕಂದು ಬಣ್ಣದ ಉಂಗುರ ಕಾಣಿಸಿತು, ನಾಲ್ಕನೆಯದರಲ್ಲಿ ಮುಖವೆಲ್ಲ ತಿಳಿಹಸಿರು. ಆ ಉಂಗುರದ ಒಂದು ಚುಕ್ಕೆ ಉಳಿದರೂ ಕೊಳೆತ ಮತ್ತೆ ಮೇಲೇರುತ್ತದೆ. ಆದ್ದರಿಂದ ಇಲ್ಲಿ ಮರುಕಪಟ್ಟು ಚಾಕು ನಿಲ್ಲಿಸಬಾರದು. ಪ್ರತಿ ಕಡಿತದ ನಂತರವೂ ಚಾಕುವನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಉಳಿದ ತುಂಡನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಆರು ದಿನ ಇಟ್ಟಾಗ ಗಾಯದ ಮೇಲೆ ಒಣ ಪೊರೆ ಕಟ್ಟಿತು. ಕಡಿದ ಭಾಗಕ್ಕೆ ಅರಿಶಿನವನ್ನೋ ದಾಲ್ಚಿನ್ನಿ ಪುಡಿಯನ್ನೋ ಹಚ್ಚುವವರಿದ್ದಾರೆ. ಹಚ್ಚಲು ನನ್ನ ಅಭ್ಯಂತರವಿಲ್ಲ, ಆದರೆ ಗಿಡವನ್ನು ಕಾಯುವುದು ಆ ಒಣಗುವಿಕೆಯೇ. ಬಳಿಕ ಒಣ ಮಣ್ಣಿನಲ್ಲಿ ನೆಟ್ಟು, ಹತ್ತು ದಿನ ಹನಿ ನೀರೂ ಹಾಕದೆ ಬಿಟ್ಟೆ.

ಎಲ್ಲ ಕೊಳೆಯೂ ಒಂದೇ ಅಲ್ಲ. ಮುಟ್ಟಿದರೆ ಲೋಳೆಯಾಗಿ, ದುರ್ವಾಸನೆ ಬೀರುತ್ತಾ ಎರಡೇ ದಿನಗಳಲ್ಲಿ ಗಿಡವನ್ನು ಕರಗಿಸಿಬಿಡುವುದು ಸಾಮಾನ್ಯವಾಗಿ ಬ್ಯಾಕ್ಟೀರಿಯಾದ ಕೆಲಸ. ಅಂಥ ಗಿಡವನ್ನು ಮಣ್ಣಿನೊಂದಿಗೆ ಎಸೆದು ಕುಂಡವನ್ನು ತೊಳೆದು ಬಿಸಿಲಿಗಿಡುವುದೇ ಸರಿ. ಫ್ಯುಸೇರಿಯಂ ಶಿಲೀಂಧ್ರ ಕಾಂಡದೊಳಗಿನ ನೀರಿನ ನಾಳಗಳನ್ನು ಹಿಡಿಯುತ್ತದೆ. ಪಿಥಿಯಂ ಮತ್ತು ಫೈಟಾಪ್ಥೊರಾಗಳು ನಿಜವಾದ ಶಿಲೀಂಧ್ರಗಳೇ ಅಲ್ಲ; ನೀರಿನಲ್ಲಿ ಈಜಬಲ್ಲ ಬೀಜಾಣುಗಳಿಂದ ಹರಡುವ ಬೇರೆಯೇ ಗುಂಪಿನ ಜೀವಿಗಳು. ಹೀಗಾಗಿ ಬರೀ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಬೆರೆಸಿ ಹುಯ್ದರೆ ಅವುಗಳಿಗೆ ಏನೂ ಆಗುವುದಿಲ್ಲ. ಮಲೆನಾಡಿನ ಅಡಿಕೆ ಬೆಳೆಗಾರರನ್ನು ಪ್ರತಿ ಮಳೆಗಾಲ ಕಾಡುವ ಕೊಳೆರೋಗಕ್ಕೂ ಫೈಟಾಪ್ಥೊರಾವೇ ಕಾರಣ. ಅವರು ಕೊಳೆ ಬಂದ ಮೇಲೆ ಔಷಧಿ ಹುಡುಕುವುದಿಲ್ಲ. ಮಳೆ ಹಿಡಿಯುವ ಮೊದಲೇ ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಸಿಂಪಡಿಸಿ, ಅಡಿಕೆ ಗೊನೆಗಳಿಗೆ ಮಳೆ ತಾಗದಂತೆ ಕೊಟ್ಟೆ, ಅಂದರೆ ಹೊದಿಕೆ, ಕಟ್ಟುತ್ತಾರೆ. ಬಾಲ್ಕನಿಯ ನಾಲ್ಕು ಕುಂಡಗಳಿಗೂ ಆ ಮುಂಜಾಗ್ರತೆ ತಕ್ಕದ್ದೇ.

ನನ್ನ ಮಟ್ಟಿಗೆ ಮುಂಜಾಗ್ರತೆಯೆಂದರೆ ಮುಖ್ಯವಾಗಿ ಮಣ್ಣು. ನರ್ಸರಿಯಿಂದ ಬರುವ ಗಿಡಗಳು ಹೆಚ್ಚಾಗಿ ನೀರನ್ನು ಬಹಳ ಹಿಡಿದಿಡುವ ತೆಂಗಿನ ನಾರಿನ ಪುಡಿಯಲ್ಲಿ, ಅಂದರೆ ಕೋಕೋಪೀಟ್‌ನಲ್ಲಿರುತ್ತವೆ; ನಿತ್ಯ ನೋಡಿಕೊಳ್ಳುವವರಿರುವ ಅಲ್ಲಿಗೆ ಅದು ಒಪ್ಪುತ್ತದೆ, ನಮ್ಮ ಮನೆಗಲ್ಲ. ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಗೊಬ್ಬರ, ಎರಡು ಪಾಲು ಧೂಳು ಜರಡಿ ಹಿಡಿದು ತೆಗೆದ ಇಟ್ಟಿಗೆ ಚೂರು ಅಥವಾ ಪ್ಯೂಮಿಸ್ ಎಂಬ ಹಗುರ ಜ್ವಾಲಾಮುಖಿ ಕಲ್ಲು ಸೇರಿಸಿ ನಾನು ಬಳಸುತ್ತೇನೆ. ತಳದಲ್ಲಿ ಜಲ್ಲಿ ಹರಡಿದರೆ ನೀರು ಬೇಗ ಬಸಿಯುತ್ತದೆಂಬ ಮಾತು ಮಾತ್ರ ತಪ್ಪು. ಸಣ್ಣ ಕಣದ ಮಣ್ಣು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ಅದು ಪೂರ್ತಿ ನೆನೆಯುವ ತನಕ ನೀರು ದೊಡ್ಡ ಜಲ್ಲಿಯ ಸಂದಿಗೆ ಇಳಿಯುವುದಿಲ್ಲ. ಒದ್ದೆಯ ಪದರ ಜಲ್ಲಿಯ ಮೇಲೆಯೇ ನಿಂತು, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಜಲ್ಲಿಯನ್ನು ಮಣ್ಣಿನೊಳಗೇ ಬೆರೆಸಿದರೆ ಉಪಯೋಗವುಂಟು. ತೂತಿಲ್ಲದ ಪಿಂಗಾಣಿ ಕುಂಡ ಎಷ್ಟೇ ಚೆಂದವಿದ್ದರೂ ಅದರಲ್ಲಿ ನೆಡಬೇಡಿ.

ದಪ್ಪ ಬುಡದ ಹೂಗಿಡವಾದ ಅಡೇನಿಯಂ ಸಾಕಿದವರಿಗೆ ಇನ್ನೊಂದು ಮಾತು. ಡಿಸೆಂಬರ್, ಜನವರಿಯ ಚಳಿಗೆ ಅದು ಎಲೆ ಉದುರಿಸಿ ನಿದ್ದೆಗೆ ಜಾರಿದಾಗ, ಗಾಬರಿಯಾಗಿ ನೀರು ಹಾಕಿದರೆ ದಪ್ಪ ಬುಡ ಕೊಳೆಯುತ್ತದೆ. ಬುಡವೆಲ್ಲ ಒಂದೇ ಸಮನೆ ಮೆದುವಾಗಿದ್ದರೆ ಅದು ನೀರಿನ ಕೊರತೆಯಿರಬಹುದು. ಒಂದೇ ಕಡೆ ಒದ್ದೆಯಾಗಿ ಕುಸಿದಿದ್ದರೆ ಅದು ಕೊಳೆ.

ನಮ್ಮ ಜೇಡ್ ಮೂರನೆಯ ವಾರದ ಕೊನೆಗೆ, ಮೆಲ್ಲನೆ ಎಳೆದಾಗ ಮಣ್ಣನ್ನು ಹಿಡಿದುಕೊಂಡಿತು. ಈಗ ಅದರ ನೆತ್ತಿಯಲ್ಲಿ ಎರಡು ಜೊತೆ ಹೊಸ ಎಲೆಗಳಿವೆ. ಈ ವರ್ಷ ಆಗಸ್ಟ್ ಮೊದಲ ವಾರದಲ್ಲಿಯೇ ಅದನ್ನು ಎಚಿವೇರಿಯಾ ಎಂಬ ಬೇರೆ ಸಕ್ಯುಲೆಂಟ್‌ಗಳ ಜೊತೆಗೆ ಮಳೆ ಬೀಳದಂತೆ ಸೂರಿನ ಕೆಳಗೆ, ಬೆಳಗಿನ ಬಿಸಿಲು ಮಾತ್ರ ಬೀಳುವ ಮೂಲೆಗೆ ಸರಿಸಿದ್ದೇನೆ.