ಕಸಿಯಾದವರ ಮನೆಯಲ್ಲಿ ಸೋಂಕು ತಡೆಯುವ ಕೆಲಸ

ಅಣ್ಣನಿಗೆ ಮೂತ್ರಪಿಂಡದ ಕಸಿಯಾದ ಮೇಲೆ ನಮ್ಮ ಮನೆಗೆ ಬಂದವರೆಲ್ಲ ಕೇಳುತ್ತಿದ್ದ ಪ್ರಶ್ನೆ, ‘ಆಪರೇಷನ್ ಚೆನ್ನಾಗಿ ಆಯಿತಲ್ಲ, ಇನ್ನೂ ಇಷ್ಟೊಂದು ಮಾತ್ರೆ ಏಕೆ?’ ಎಂಬುದು. ಟ್ಯಾಕ್ರೋಲಿಮಸ್, ಮೈಕೋಫಿನೋಲೇಟ್ ಮತ್ತು ಸ್ಟೀರಾಯ್ಡ್‌ಗಳು ದೇಹವು ಹೊಸ ಅಂಗವನ್ನು ತಿರಸ್ಕರಿಸದಂತೆ ತಡೆಯುತ್ತವೆ. ಆದರೆ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸಿಯೇ ಅವು ಈ ಕೆಲಸ ಮಾಡುವುದರಿಂದ, ನಮಗೆ ನೆಗಡಿಯಾಗಿ ಹೋಗುವ ಸೋಂಕು ಅವರಿಗೆ ನ್ಯುಮೋನಿಯಾ ಆಗಬಹುದು. ಆದ್ದರಿಂದಲೇ ಮೊದಲ ತಿಂಗಳುಗಳಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ನ್ಯುಮೋಸಿಸ್ಟಿಸ್ ಎಂಬ ಶಿಲೀಂಧ್ರವನ್ನು ತಡೆಯಲು ಕೋಟ್ರೈಮಾಕ್ಸಜೋಲ್, ನಿರೋಧಕ ಶಕ್ತಿ ಕುಗ್ಗಿದಾಗ ಕಾಡುವ ಸೈಟೊಮೆಗಲೊವೈರಸ್ ಎಂಬ ವೈರಸ್ ತಡೆಯಲು ವಾಲ್‌ಗ್ಯಾನ್‌ಸಿಕ್ಲೋವಿರ್ ಕೊಡುತ್ತಾರೆ. ಕಾಯಿಲೆಯ ಲಕ್ಷಣ ಕಾಣಲಿಲ್ಲವೆಂದು ಇವನ್ನು ತಾವಾಗಿಯೇ ನಿಲ್ಲಿಸಬಾರದು.

ಬೆಂಗಳೂರಿನಲ್ಲಿ ನನಗೆ ಹೆಚ್ಚು ಭಯ ಹುಟ್ಟಿಸಿದ್ದು ಧೂಳು. ಹಳೆಯ ಕಟ್ಟಡ ಕೆಡವುವಾಗ, ನೆಲ ಅಗೆಯುವಾಗ ಏಳುವ ಧೂಳಿನಲ್ಲಿ ಆಸ್ಪರ್‌ಜಿಲ್ಲಸ್ ಎಂಬ ಶಿಲೀಂಧ್ರದ ಬೀಜಕಣಗಳಿರುತ್ತವೆ; ನಿರೋಧಕ ಶಕ್ತಿ ಕುಗ್ಗಿದವರ ಶ್ವಾಸಕೋಶದಲ್ಲಿ ಅವು ಬೇರೂರಿದರೆ ಚಿಕಿತ್ಸೆ ಬಹಳ ಕಷ್ಟ. ಪಕ್ಕದ ಸೈಟಿನಲ್ಲಿ ಪಾಯ ತೋಡಲು ಆರಂಭಿಸಿದಾಗ ಆ ಕಡೆಯ ಕಿಟಕಿಗಳನ್ನು ಮುಚ್ಚಿಟ್ಟೆವು, ಪೊರಕೆ ಬಿಟ್ಟು ಒದ್ದೆ ಬಟ್ಟೆಯಿಂದ ನೆಲ ಒರೆಸತೊಡಗಿದೆವು, ತುಳಸಿ ಕುಂಡದ ಮಣ್ಣು ಕೆದಕುವ ಕೆಲಸವನ್ನು ಅಣ್ಣನಿಂದ ಅತ್ತಿಗೆ ತೆಗೆದುಕೊಂಡರು. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದೂ ಆಗಲೇ. ಅವುಗಳ ಹಿಕ್ಕೆಯಲ್ಲಿ ಕ್ರಿಪ್ಟೊಕಾಕಸ್ ಎಂಬ ಇನ್ನೊಂದು ಅಪಾಯಕಾರಿ ಶಿಲೀಂಧ್ರ ಬೆಳೆಯುತ್ತದೆ.

ಊಟದ ಕಟ್ಟುಪಾಡು ಅಷ್ಟು ಕಠಿಣವಲ್ಲ. ಕುದಿಸಿ ಆರಿಸಿದ ನೀರು, ಆಗತಾನೇ ಮಾಡಿದ ಬಿಸಿ ಅಡುಗೆ ಇದ್ದರೆ ಸಾಕು. ಹಸಿ ಮೊಳಕೆಕಾಳಿನ ಕೋಸಂಬರಿ, ಬೀದಿಬದಿಯ ಪಾನಿಪುರಿ, ಕಬ್ಬಿನಹಾಲು ಬೇಡ.

ನಂಟರನ್ನು ತಡೆಯುವುದೇ ಕಷ್ಟ. ‘ನೋಡೋಕೂ ಬರಬೇಡ ಅಂದ್ರೆ ಹೇಗಮ್ಮ?’ ಎಂದು ದೊಡ್ಡಮ್ಮ ಬೇಸರಪಟ್ಟಾಗ ಅತ್ತಿಗೆ, ‘ಕೆಮ್ಮು ಪೂರ್ತಿ ಹೋಗಲಿ ದೊಡ್ಡಮ್ಮ, ಆಮೇಲೆ ಎರಡು ದಿನ ಇದ್ದೇ ಹೋಗಿ’ ಎಂದರು. ದಾಕ್ಷಿಣ್ಯಕ್ಕೆ ಬಾಗಿಲು ತೆರೆಯದ ಆ ದೃಢತೆ ಎಲ್ಲ ಮನೆಗಳಿಗೂ ಬೇಕು. ಮನೆಯವರೆಲ್ಲ ಪ್ರತಿವರ್ಷ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದೂ ರೋಗಿಯ ರಕ್ಷಣೆಯೇ. ಕಸಿಯಾದವರಿಗೆ ದಡಾರದಂಥ ಜೀವಂತ ಲಸಿಕೆಗಳನ್ನು (ದುರ್ಬಲಗೊಳಿಸಿದ ಜೀವಂತ ರೋಗಾಣುವಿರುವ ಲಸಿಕೆಗಳನ್ನು) ಸಾಮಾನ್ಯವಾಗಿ ಕೊಡುವುದಿಲ್ಲ. ರಕ್ತ ಹುಟ್ಟಿಸುವ ಕಾಂಡಕೋಶಗಳ (ಸ್ಟೆಮ್ ಸೆಲ್) ಕಸಿಯಾದವರಲ್ಲಂತೂ ಬಾಲ್ಯದ ಲಸಿಕೆಗಳ ರಕ್ಷಣೆಯೇ ಬಹುಮಟ್ಟಿಗೆ ಅಳಿಸಿಹೋಗುವುದರಿಂದ, ಕೆಲವು ತಿಂಗಳ ಬಳಿಕ ಅವರಿಗೆ ಲಸಿಕೆಗಳನ್ನು ಮೊದಲಿನಿಂದ ಕೊಡಬೇಕಾಗುತ್ತದೆ. ಜೀವಂತ ಲಸಿಕೆಗೆ ಕನಿಷ್ಠ 2 ವರ್ಷ ಕಾಯುತ್ತಾರೆ.

ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ, ರಾತ್ರಿಯಾದರೂ ಸರಿ, ಕಸಿ ತಂಡಕ್ಕೆ ಫೋನ್ ಮಾಡಬೇಕು. ಸ್ಟೀರಾಯ್ಡ್ ಜ್ವರವನ್ನು ಮರೆಮಾಚುವುದರಿಂದ, ಜ್ವರವಿಲ್ಲದ ಸುಸ್ತು, ಒಣಕೆಮ್ಮುಗಳನ್ನೂ ಕಡೆಗಣಿಸುವಂತಿಲ್ಲ. ಮೆಡಿಕಲ್ ಶಾಪಿನಿಂದ ಆ್ಯಂಟಿಬಯಾಟಿಕ್ ತಂದು ನುಂಗುವುದು ಇನ್ನೂ ಅಪಾಯ: ಕ್ಲಾರಿಥ್ರೋಮೈಸಿನ್ ರಕ್ತದಲ್ಲಿ ಟ್ಯಾಕ್ರೋಲಿಮಸ್ ಪ್ರಮಾಣವನ್ನು ಏರಿಸಿ ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದು, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಅದನ್ನು ಇಳಿಸಿ ತಿರಸ್ಕಾರಕ್ಕೆ ದಾರಿ ಮಾಡಬಲ್ಲದು. ಹಲ್ಲಿನ ವೈದ್ಯರ ಬಳಿ ಹೋದರೂ ಮಾತ್ರೆಗಳ ಪಟ್ಟಿಯನ್ನು ಮೊದಲು ತೋರಿಸಿ.