ಓಪನ್ ಲೈವ್ ರೈಟರ್‌ನಲ್ಲಿ ಕನ್ನಡ ಬ್ಲಾಗು: ಬರೆಯೋದು ಸಲೀಸು, ಕಳಿಸುವಾಗ ಹುಷಾರು

ವಿಂಡೋಸ್‌ನಲ್ಲಿ ನೆಟ್ ಇಲ್ಲದಿದ್ದಾಗಲೂ ಬ್ಲಾಗ್ ಬರೆದಿಟ್ಟುಕೊಳ್ಳಲು ಓಪನ್ ಲೈವ್ ರೈಟರ್ ಈಗಲೂ ಒಳ್ಳೆಯ ತಂತ್ರಾಂಶ. ಮೈಕ್ರೋಸಾಫ್ಟ್ 2006ರಲ್ಲಿ ಬಿಟ್ಟ ವಿಂಡೋಸ್ ಲೈವ್ ರೈಟರ್‌ನ ಕೋಡೇ 2015ರ ಡಿಸೆಂಬರಿನಲ್ಲಿ ಈ ಹೆಸರಿನಲ್ಲಿ ಮುಕ್ತ ತಂತ್ರಾಂಶವಾಯಿತು. ವರ್ಡ್ ಬಳಸಿ ಗೊತ್ತಿದ್ದರೆ ಬರೆಯುವ ಭಾಗದಲ್ಲಿ ಕಲಿಯುವಂಥದ್ದು ಏನೂ ಇಲ್ಲ. ತೊಡಕು ಇರುವುದೆಲ್ಲ ಬರೆದದ್ದನ್ನು ಬ್ಲಾಗಿಗೆ ಕಳಿಸುವ ಕಡೆ.

ಸ್ವಂತ ಹೋಸ್ಟಿಂಗಿನ ವರ್ಡ್‌ಪ್ರೆಸ್ ಇದ್ದರೆ ಮೊದಲು ಬ್ರೌಸರಿನಲ್ಲಿ ನಿಮ್ಮ ತಾಣದ ವಿಳಾಸದ ಕೊನೆಗೆ ಎಕ್ಸ್‌ಎಂಎಲ್‌ಆರ್‌ಪಿಸಿ ಡಾಟ್ ಪಿಎಚ್‌ಪಿ (xmlrpc.php) ಸೇರಿಸಿ ತೆರೆಯಿರಿ. ರೈಟರ್‌ನಂಥ ಹೊರಗಿನ ತಂತ್ರಾಂಶಗಳು ಬರಹ ಕಳಿಸುವುದು ಈ ಫೈಲಿನ ಮೂಲಕವೇ. ‘ಪೋಸ್ಟ್ ರಿಕ್ವೆಸ್ಟ್ ಮಾತ್ರ ಸ್ವೀಕರಿಸುತ್ತೇನೆ’ ಎಂಬ ಒಂದು ಸಾಲಿನ ಇಂಗ್ಲಿಷ್ ಉತ್ತರ ಬಂದರೆ ಬಾಗಿಲು ತೆರೆದಿದೆ ಎಂದರ್ಥ. 403 ಎಂಬ ದೋಷಸಂಖ್ಯೆ (ಪ್ರವೇಶವಿಲ್ಲ ಎಂದರ್ಥ) ಬಂದರೆ ಹೋಸ್ಟಿಂಗಿನವರೋ ಸೆಕ್ಯುರಿಟಿ ಪ್ಲಗಿನ್ನೋ ಅದನ್ನು ಮುಚ್ಚಿದೆ. ಪಾಸ್‌ವರ್ಡ್ ಊಹಿಸುವ ದಾಳಿಗಳು ಇದೇ ಫೈಲಿನ ಮೂಲಕ ಬರುವುದರಿಂದ ಮುಚ್ಚುವುದರಲ್ಲಿ ತಪ್ಪೇನಿಲ್ಲ. ತೆರೆಸಿಕೊಂಡರೆ ಲಾಗಿನ್‌ನ ಮುಖ್ಯ ಪಾಸ್‌ವರ್ಡನ್ನು ರೈಟರ್‌ಗೆ ಕೊಡಬೇಡಿ. ವರ್ಡ್‌ಪ್ರೆಸ್ 5.6ರಿಂದ ಪ್ರೊಫೈಲ್ ಪುಟದಲ್ಲೇ ಇಂಥ ತಂತ್ರಾಂಶಕ್ಕೆಂದೇ ಬೇರೆಯಾದ ಅಪ್ಲಿಕೇಶನ್ ಪಾಸ್‌ವರ್ಡ್ ಮಾಡಿಕೊಳ್ಳಬಹುದು. 24 ಅಕ್ಷರದ ಅದನ್ನು ಒಮ್ಮೆ ಮಾತ್ರ ತೋರಿಸುತ್ತದೆ. ಬೇಡವಾದಾಗ ಅದೊಂದನ್ನೇ ರದ್ದು ಮಾಡಿದರಾಯಿತು.

ಖಾತೆ ಸೇರಿಸುವಾಗ ರೈಟರ್ ಒಂದು ಪ್ರಶ್ನೆ ಕೇಳುತ್ತದೆ: ಥೀಮ್ ಗುರುತಿಸಲು ತಾತ್ಕಾಲಿಕ ಪೋಸ್ಟ್ ಹಾಕಲೇ? ಹೂಂ ಎಂದರೆ ನಿಜವಾಗಿಯೂ ಒಂದು ಪೋಸ್ಟ್ ಪ್ರಕಟಿಸಿ, ಅದರ ವಿನ್ಯಾಸ ನೋಡಿಕೊಂಡು ಅಳಿಸುತ್ತದೆ. ನಿಮ್ಮ ಬ್ಲಾಗಿಗೆ ಇಮೇಲ್ ಚಂದಾದಾರರಿದ್ದರೆ ‘ನೋ’ ಒತ್ತಿ. ಅಳಿಸುವಷ್ಟರಲ್ಲಿ ಆ ಅರ್ಥವಿಲ್ಲದ ಪೋಸ್ಟು ಎಲ್ಲರ ಅಂಚೆಪೆಟ್ಟಿಗೆ ಸೇರಿರಬಹುದು.

ಇನ್ನು ಕನ್ನಡದವರಿಗೇ ಮೀಸಲಾದ ತಾಪತ್ರಯ, ಪೋಸ್ಟಿನ ವಿಳಾಸ. ಯೂನಿಕೋಡ್‌ನಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ, ವೆಬ್ ಬಳಸುವ ಯುಟಿಎಫ್-8 ರೂಪದಲ್ಲಿ, 3 ಬೈಟ್. ವಿಳಾಸದಲ್ಲಿ ಪ್ರತಿ ಬೈಟೂ ಶೇಕಡಾ ಚಿಹ್ನೆಯ ಜೊತೆ 3 ಅಕ್ಷರವಾಗುತ್ತದೆ. ಅಲ್ಲಿಗೆ ಒಂದು ಸಂಕೇತಕ್ಕೆ 9 ಅಕ್ಷರ. ಒತ್ತು, ಗುಣಿತಗಳೂ ಬೇರೆ ಸಂಕೇತಗಳೇ. ವರ್ಡ್‌ಪ್ರೆಸ್ ಇದಕ್ಕೆ ಕೊಡುವ ಜಾಗ 200 ಅಕ್ಷರ. ‘ಮಲೆನಾಡಿನ ಹಳೆಯ ಅಡಿಕೆ ತೋಟಗಳಲ್ಲಿ ಕೊಳೆ ರೋಗ’ ಎಂದು ಶೀರ್ಷಿಕೆ ಕೊಟ್ಟರೆ ವಿಳಾಸ ‘ಮಲೆನಾಡಿನ-ಹಳೆಯ-ಅಡಿಕೆ-ತೋಟಗ’ ಎಂಬಲ್ಲಿಗೇ ತುಂಡಾಗುತ್ತದೆ: 21 ಸಂಕೇತಕ್ಕೆ 189, ಅಡ್ಡಗೆರೆ 3, ಒಟ್ಟು 192, ಇನ್ನೊಂದಕ್ಕೆ ಜಾಗವಿಲ್ಲ. ವಾಟ್ಸ್ಯಾಪಿನಲ್ಲಿ ಹಂಚಿದರೆ ಶೇಕಡಾ ಚಿಹ್ನೆಗಳ ಸರಮಾಲೆ ಬೇರೆ. ಪ್ರಕಟಿಸುವ ಮೊದಲೇ ಎಫ್2 ಒತ್ತಿ, ಸ್ಲಗ್ ಎಂಬ ಖಾನೆಯಲ್ಲಿ ಇಂಗ್ಲಿಷ್ ಲಿಪಿಯಲ್ಲಿ ಮೂರ್ನಾಲ್ಕು ಪದ ಬರೆದುಬಿಡಿ.

ಬ್ಲಾಗರ್‌ನಲ್ಲಿ ಕಥೆ ಇನ್ನೊಂದು ಥರ. ಕನ್ನಡ ಶೀರ್ಷಿಕೆಯನ್ನು ಅದು ವಿಳಾಸಕ್ಕೆ ಸೇರಿಸಿಕೊಳ್ಳುವುದೇ ಇಲ್ಲ, ಎಲ್ಲಕ್ಕೂ ‘ಬ್ಲಾಗ್-ಪೋಸ್ಟ್’ ಎಂದೇ ಹೆಸರಿಟ್ಟು ಮುಂದೆ ಅಂಕಿ ಅಂಟಿಸುತ್ತದೆ. ಮೊದಲು ಇಂಗ್ಲಿಷ್ ಲಿಪಿಯ ಶೀರ್ಷಿಕೆಯಲ್ಲಿ ಪ್ರಕಟಿಸಿ, ಕೂಡಲೇ ಕನ್ನಡಕ್ಕೆ ಬದಲಿಸಿ ಮತ್ತೆ ಪಬ್ಲಿಶ್ ಒತ್ತಿ. ವಿಳಾಸ ಮೊದಲಿನದೇ ಉಳಿಯುತ್ತದೆ. ಬ್ಲಾಗರ್‌ಗೆ ಚಿತ್ರ ಕಳಿಸಲು ಮಾತ್ರ ರೈಟರ್ ನೆಚ್ಚಬೇಡಿ. ಅದು ನಂಬಿಕೊಂಡಿದ್ದ ಪಿಕಾಸಾ ಸೇವೆಯ ದಾರಿಯನ್ನು ಗೂಗಲ್ 2019ರಲ್ಲಿ ಮುಚ್ಚಿತು. ಬರಹವನ್ನು ಡ್ರಾಫ್ಟ್ ಆಗಿ ಕಳಿಸಿ, ಚಿತ್ರಗಳನ್ನು ಬ್ರೌಸರಿನಲ್ಲೇ ಸೇರಿಸುವುದು ವಾಸಿ.

ವರ್ಡ್‌ಪ್ರೆಸ್‌ಗೆ ಚಿತ್ರ ಹೋಗುತ್ತದೆ, ಆದರೆ ಪಠ್ಯದ ರೂಪಕ್ಕೆ ಬದಲಾಗಿ ಹೋಗುವುದರಿಂದ ಗಾತ್ರ ಮೂರನೇ ಒಂದು ಭಾಗ ಹಿಗ್ಗುತ್ತದೆ. ಮೊಬೈಲಿನ 6 ಎಂಬಿ ಫೋಟೋ 8 ಎಂಬಿ ಆಗಿ ಸರ್ವರಿನ ಮಿತಿಗೆ ಢಿಕ್ಕಿ ಹೊಡೆಯುತ್ತದೆ. ಅದೂ ಅಲ್ಲದೆ, ಚಿತ್ರ ಆಯ್ದಾಗ ಕಾಣುವ ‘ಲಿಂಕ್ ಟು’ ಆಯ್ಕೆ ಮೂಲಚಿತ್ರಕ್ಕೆ ಕೊಂಡಿ ಎಂದಿದ್ದರೆ ಎರಡೆರಡು ಫೈಲು ಏರುತ್ತವೆ. ಚಿಕ್ಕದರ ಹೆಸರಿನ ಕೊನೆಗೆ ‘ಥಂಬ್’ ಎಂದಿರುತ್ತದೆ. ಅಗಲವನ್ನು 1200 ಪಿಕ್ಸೆಲ್‌ಗೆ ಇಳಿಸಿಕೊಂಡು, ಕೊಂಡಿಯನ್ನು ‘ನನ್’ ಮಾಡಿ.

ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಫೈಲಿನಿಂದ ನಕಲಿಸಿ ಅಂಟಿಸುವವರು ಮೊದಲು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳಬೇಕು. ಆ ಫಾಂಟುಗಳು ಇಂಗ್ಲಿಷ್ ಸಂಕೇತಗಳ ಮೇಲೆಯೇ ಕನ್ನಡದ ಆಕಾರ ಕೂರಿಸಿರುತ್ತವೆ. ನಿಮ್ಮ ಗಣಕದಲ್ಲಿ ಚೆನ್ನಾಗಿಯೇ ಕಂಡು, ಆ ಫಾಂಟ್ ಇಲ್ಲದ ಓದುಗರಿಗೆ ಕಲಸುಮೇಲೋಗರವಾಗಿ ಕಾಣುತ್ತದೆ. ವರ್ಡ್‌ನಿಂದ ತಂದದ್ದಾದರೆ ಪೇಸ್ಟ್ ಸ್ಪೆಶಲ್‌ನಲ್ಲಿ ಪ್ಲೇನ್ ಟೆಕ್ಸ್ಟ್ ಆಯ್ದುಕೊಳ್ಳಿ. ಅನುಮಾನವಿದ್ದರೆ ಕೆಳಗಿನ ಸೋರ್ಸ್ ಟ್ಯಾಬ್ ತೆರೆದು ನೋಡಿ: ತುಂಗಾ, ನಿರ್ಮಲಾ ಯುಐ ಎಂಬ ಫಾಂಟ್ ಹೆಸರುಗಳು ಸಾಲುಸಾಲಾಗಿ ನುಸುಳಿದ್ದರೆ ಅಳಿಸಿ, ಇಲ್ಲದಿದ್ದರೆ ಥೀಮಿನ ಫಾಂಟನ್ನು ಅವು ಮೆಟ್ಟಿ ಕೂರುತ್ತವೆ.

ಕಂಟ್ರೋಲ್ ಎಸ್ ಒತ್ತಿದ್ದು ಡಾಕ್ಯುಮೆಂಟ್ಸ್‌ನೊಳಗಿನ ‘ಮೈ ವೆಬ್‌ಲಾಗ್ ಪೋಸ್ಟ್ಸ್’ ಫೋಲ್ಡರಿನಲ್ಲಿ ಡಬ್ಲ್ಯುಪೋಸ್ಟ್ ಫೈಲಾಗಿ ಉಳಿಯುತ್ತದೆ. ಇದನ್ನು ನೋಟ್‌ಪ್ಯಾಡಿನಲ್ಲಿ ತೆರೆದು ಓದಲಾಗದು. ಗಣಕ ಬದಲಿಸುವಾಗ ಆ ಫೋಲ್ಡರನ್ನು ಇಡಿಯಾಗಿ ನಕಲಿಸಿಕೊಳ್ಳಿ. ಹೀಗೆ ಕಳಿಸಿದ ಬರಹ ವರ್ಡ್‌ಪ್ರೆಸ್‌ನ ಈಗಿನ ಸಂಪಾದಕದಲ್ಲಿ ಒಂದೇ ಕ್ಲಾಸಿಕ್ ಬ್ಲಾಕ್ ಆಗಿ ಕೂರುತ್ತದೆ. ಅಲ್ಲಿ ಅದನ್ನು ಪ್ಯಾರಾ, ಚಿತ್ರ ಎಂದು ಬೇರೆಬೇರೆ ಬ್ಲಾಕುಗಳಾಗಿ ಒಡೆದಿದ್ದರೆ, ಮುಂದಿನ ತಿದ್ದುಪಡಿಯನ್ನೂ ಬ್ರೌಸರಿನಲ್ಲೇ ಮಾಡಿ. ಗಣಕದಲ್ಲಿರುವ ಹಳೆಯ ಪ್ರತಿಯನ್ನು ತೆರೆದು ಮತ್ತೆ ಪಬ್ಲಿಶ್ ಒತ್ತಿದರೆ ಅಲ್ಲಿ ತಿದ್ದಿದ್ದೆಲ್ಲ ಅಳಿಸಿಹೋಗುತ್ತದೆ.