ಇಂಗ್ಲಿಷ್ ಫಿಗರ್ ಆಫ್ ಸ್ಪೀಚ್‌ಗೂ ಸಮನ್ವಯ ಮಾಡಿಸಿ

ಮಕ್ಕಳಿಗೆ ಇಂಗ್ಲಿಷಿನ ಫಿಗರ್ ಆಫ್ ಸ್ಪೀಚ್, ಅಂದರೆ ಅಲಂಕಾರ, ಕಲಿಸುವಾಗ ‘ಲೈಕ್, ಆ್ಯಸ್ ಕಂಡರೆ ಸಿಮಿಲಿ (ನಮ್ಮ ಉಪಮೆ)’ ಎಂದು ಹೇಳಿಕೊಟ್ಟು ಎದ್ದುಬಿಡಬೇಡಿ. ಹೋಮ್‌ವರ್ಕಿನಲ್ಲಿ ಮಕ್ಕಳು ಎಡವುವುದು ಅಲ್ಲೇ. ‘ಐ ಲೈಕ್ ಮ್ಯಾಂಗೋಸ್’ ಎಂಬಲ್ಲಿ ಲೈಕ್ ಕ್ರಿಯಾಪದ. ‘ಶಿ ವರ್ಕ್ಸ್ ಆ್ಯಸ್ ಎ ನರ್ಸ್’ ಎಂದರೆ ಅವಳು ನಿಜಕ್ಕೂ ನರ್ಸ್. ‘ಹಿ ಲುಕ್ಸ್ ಲೈಕ್ ಹಿಸ್ ಫಾದರ್’ ಇನ್ನೂ ದಾರಿ ತಪ್ಪಿಸುತ್ತದೆ: ಹೋಲಿಕೆಯೇನೋ ಇದೆ, ಆದರೆ ಅದು ಇದ್ದ ಸಂಗತಿ, ಅಲಂಕಾರವಲ್ಲ.

ಕನ್ನಡ ವ್ಯಾಕರಣದ ಪಾಠದಲ್ಲಿ ಉಪಮಾಲಂಕಾರಕ್ಕೆ ಮಾಡುವ ಸಮನ್ವಯ, ಅಂದರೆ ಹೋಲಿಕೆಯ ಭಾಗಗಳನ್ನು ಬಿಡಿಸಿ ಹೊಂದಿಸಿ ತೋರಿಸುವುದು, ಇದಕ್ಕೆ ಒಳ್ಳೆಯ ಮದ್ದು. ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು’ ಎಂಬುದನ್ನು ಬಿಡಿಸಬಲ್ಲ ಮಗು ಇಂಗ್ಲಿಷಿಗೆ ಬಂದ ಕೂಡಲೇ ಆ ವಿದ್ಯೆಯನ್ನು ಮರೆತು ಕೂರಬೇಕಾಗಿಲ್ಲ. ನೋಟ್‌ಬುಕ್ಕಿನಲ್ಲಿ ನಾಲ್ಕು ಮನೆ ಗೀಚಿಸಿ: ಯಾವುದನ್ನು ಹೋಲಿಸಿದೆಯೋ ಅದು ಉಪಮೇಯ, ಯಾವುದಕ್ಕೆ ಹೋಲಿಸಿದೆಯೋ ಅದು ಉಪಮಾನ, ಹೋಲಿಕೆ ತೋರುವ ಪದ ವಾಚಕಪದ, ಎರಡಕ್ಕೂ ಇರುವ ಒಂದೇ ಗುಣ ಸಮಾನಧರ್ಮ. ವರ್ಡ್ಸ್‌ವರ್ತ್ ಬರೆದ ‘ಐ ವಾಂಡರ್ಡ್ ಲೋನ್ಲಿ ಆ್ಯಸ್ ಎ ಕ್ಲೌಡ್’ ಸಾಲಿನಲ್ಲಿ ಉಪಮೇಯ ಐ, ಉಪಮಾನ ಕ್ಲೌಡ್, ವಾಚಕಪದ ಆ್ಯಸ್, ಸಮಾನಧರ್ಮ ಒಂಟಿಯಾಗಿ ಅಲೆಯುವುದು. ಕೊನೆಯ ಮನೆಗೆ ಹೆಚ್ಚು ಸಮಯ ಕೊಡಿ, ಸಾಲಿನ ಅರ್ಥವೆಲ್ಲ ಇರುವುದು ಅಲ್ಲಿಯೇ. ‘ಹಿಸ್ ವರ್ಡ್ಸ್ ವರ್ ಲೈಕ್ ನೈವ್ಸ್’ ಎಂಬಲ್ಲಿ ಸಮಾನಧರ್ಮ ಲುಪ್ತ, ಅಂದರೆ ಬಾಯಿಬಿಟ್ಟು ಹೇಳಿಲ್ಲ, ಮಗುವೇ ಹುಡುಕಬೇಕು. ‘ಶಾರ್ಪ್’ ಎಂದು ಬರೆದು ನಿಲ್ಲಿಸಿದರೆ ‘ಹರಿತವಾದ ಚಾಕು ಏನು ಮಾಡುತ್ತದೆ?’ ಎಂದು ಕೇಳಿ. ನೋಯಿಸುತ್ತದೆ. ಉತ್ತರ ಅದು.

ವಾಚಕಪದದ ಮನೆ ಖಾಲಿ ಉಳಿದು, ಒಂದನ್ನು ಇನ್ನೊಂದೇ ಎಂದಿದ್ದರೆ ಮೆಟಾಫರ್, ನಮ್ಮ ರೂಪಕ. ‘ದ ವಿಂಡ್ ವಿಸ್ಪರ್ಡ್’ ಬಂದಾಗ ಆ ಕೆಲಸ ಮಾಡುವವರು ಯಾರು ಎಂದು ಕೇಳಿ. ಪಿಸುಗುಟ್ಟುವವರು ಮನುಷ್ಯರು, ಆದ್ದರಿಂದ ಪರ್ಸಾನಿಫಿಕೇಶನ್, ಮನುಷ್ಯನಲ್ಲದ್ದಕ್ಕೆ ಮನುಷ್ಯನ ಗುಣ ಕೊಡುವುದು. ‘ದ ವಿಂಡ್ ಹೌಲ್ಡ್’ ಆದರೆ ಊಳಿಡುವುದು ತೋಳ. ಮೆಟಾಫರ್ ಎನ್ನುವುದೇ ಹೆಚ್ಚು ಸರಿ.

ಪದಗಳ ಆರಂಭದಲ್ಲಿ ಒಂದೇ ಧ್ವನಿ ಮರುಕಳಿಸುವ ಅಲಿಟರೇಶನ್‌ಗೆ ಪದಗಳನ್ನು ಕನ್ನಡದಲ್ಲಿ ಬರೆಸಿ ನೋಡಿ. ‘ಕೋಲ್ಡ್ ಕಿಚನ್’: ಇಂಗ್ಲಿಷಿನಲ್ಲಿ ಸಿ ಮತ್ತು ಕೆ, ಆದರೂ ಧ್ವನಿ ಒಂದೇ, ಸೈ. ‘ಸಿಟಿ ಕ್ಯಾಟ್ಸ್’ ಎರಡರಲ್ಲೂ ಸಿ ಇದ್ದರೂ ಆಗದು. ಒಂದೇ ಎಚ್ಚರ: ‘ವೆರಿ ವೆಟ್’ ನಮ್ಮ ಲಿಪಿಯಲ್ಲಿ ಅಲಿಟರೇಶನ್‌ನಂತೆ ಕಂಡರೂ ಇಂಗ್ಲಿಷಿನಲ್ಲಿ ವಿ ಮತ್ತು ಡಬ್ಲ್ಯೂ ಧ್ವನಿಗಳು ಬೇರೆ ಬೇರೆ.

ಉತ್ತರದಲ್ಲಿ ಅಲಂಕಾರದ ಹೆಸರಷ್ಟೇ ಸಾಲದು. ‘ದ ಪೊಯೆಟ್ ಕಂಪೇರ್ಸ್’ ಎಂದು ಆರಂಭಿಸಿ, ಯಾವುದನ್ನು ಯಾವುದಕ್ಕೆ ಹೋಲಿಸಿದೆ ಎಂದು ಬರೆದು, ‘ಬಿಕಾಸ್’ ಹಾಕಿ ಸಮಾನಧರ್ಮ ಸೇರಿಸಲಿ. ‘ರೈನಿಂಗ್ ಕ್ಯಾಟ್ಸ್ ಆ್ಯಂಡ್ ಡಾಗ್ಸ್’ನಂಥ ಈಡಿಯಮ್‌ಗಳನ್ನು (ನುಡಿಗಟ್ಟುಗಳನ್ನು) ಮಾತ್ರ ಈ ಮನೆಗಳಿಗೆ ತುರುಕಬೇಡಿ. ಅವನ್ನು ಇಡಿಯಾಗಿ, ಅರ್ಥದ ಜೊತೆ ಒಂದು ವಾಕ್ಯ ಮಾಡಿಸಿ ಕಲಿಸಬೇಕು.